ಉಪ್ಪಿನ ಮೇಲೇಕೆ ಕೋಪ?

ಸಿಂಗಾಪುರದ ಕಲ್ಲಾಂಗ್‌ನ ಮೈದಾನದಲ್ಲಿ ಸಂಜೆ ಫುಟ್‌ಬಾಲ್ ಆಡಿ, ಓಲ್ಡ್ ಏರ್‌ಪೋರ್ಟ್ ರಸ್ತೆಯ ಹಾಕರ್ ಸೆಂಟರ್‌ನಲ್ಲಿ ಹೊಟ್ಟೆ ಬಿರಿಯೆ ನೂಡಲ್ಸ್ ತಿಂದು ಮಲಗಿದ ಯುವಕನೊಬ್ಬನಿಗೆ ಬೆಳಗಿನ ಜಾವ ಕಾಲೇ ಎತ್ತಲಾಗಲಿಲ್ಲ ಎಂದುಕೊಳ್ಳಿ. ಮನೆಯವರಿಗೆ ಲಕ್ವದ ಭಯ. ಆದರೆ ಅಲ್ಲಿನ ವೈದ್ಯರ ಅನುಮಾನ ಥೈರಾಯ್ಡ್ ಕಡೆಗೂ ಹೋಗಬೇಕು. ಥೈರಾಯ್ಡ್ ಅತಿಯಾದಾಗ ಬರುವ ಈ ತಾತ್ಕಾಲಿಕ ಸ್ನಾಯುದೌರ್ಬಲ್ಯ ಚೀನೀ, ಜಪಾನೀ ಮೂಲದ ಗಂಡಸರಲ್ಲೇ ಹೆಚ್ಚು. ಥೈರಾಯ್ಡ್ ಕಾಯಿಲೆ ಹೆಂಗಸರಿಗೆ ಹೆಚ್ಚು, ಕಾಲು ಸೋಲುವುದು ಗಂಡಸರಿಗೆ!

ಕಾಲು ಸೋಲಲು ಕಾರಣ ರಕ್ತದಲ್ಲಿ ಪೊಟ್ಯಾಸಿಯಂ ಇಳಿಯುವುದು. ಅದು ದೇಹದಿಂದ ಕಳೆದುಹೋಗಿರುವುದಿಲ್ಲ, ಜಾಗ ಬದಲಿಸಿರುತ್ತದೆ. ಥೈರಾಯ್ಡ್ ಹಾರ್ಮೋನು ಸ್ನಾಯುಕೋಶದೊಳಗೆ ಪೊಟ್ಯಾಸಿಯಂ ಎಳೆದುಕೊಳ್ಳುವ ಪಂಪನ್ನು ಚುರುಕುಗೊಳಿಸುತ್ತದೆ. ಪಿಷ್ಟದ ಊಟದ ನಂತರ ಏರುವ ಇನ್ಸುಲಿನ್ ಅದನ್ನು ಇನ್ನೂ ಕೆರಳಿಸುತ್ತದೆ. ರಕ್ತದ ಪೊಟ್ಯಾಸಿಯಂ ಕೋಶದೊಳಗೆ ಸೇರಿಬಿಡುತ್ತದೆ. ಅವಸರಪಟ್ಟು ಹೆಚ್ಚು ಪೊಟ್ಯಾಸಿಯಂ ಕೊಟ್ಟರೆ, ಒಳಗಿದ್ದದ್ದು ಹೊರಬಂದಾಗ ಹೃದಯದ ಬಡಿತವೇ ತಪ್ಪಬಹುದು. ಕೆಲವು ರೋಗಿಗಳಲ್ಲಿ ಕಿರ್2.6 ಎಂಬ ಪೊಟ್ಯಾಸಿಯಂ ನಾಳದ ಜೀನಿನಲ್ಲೇ ದೋಷವಿರುವುದು 2010ರಲ್ಲಿ ಗೊತ್ತಾಯಿತು.

ಥೈರಾಯ್ಡ್ ಹಾರ್ಮೋನು ತಯಾರಾಗಲು ಅಯೋಡಿನ್ ಬೇಕು. ಹಾಗಾದರೆ ಥೈರಾಯ್ಡ್ ಅತಿಯಾಗದಿರಲು ಅಯೋಡಿನ್ ಉಪ್ಪನ್ನು ಬಿಡಬೇಕೇ? ಬಿಡಬೇಕೆನ್ನುವ ವಾದಕ್ಕೆ ಆಧಾರವೇ ಇಲ್ಲವೆನ್ನಲಾಗದು. 1966ರಲ್ಲಿ ಟಾಸ್ಮೇನಿಯಾದಲ್ಲಿ ಬ್ರೆಡ್ಡಿಗೆ ಅಯೋಡಿನ್ ಬೆರೆಸಿದ ಮೇಲೆ ಥೈರಾಯ್ಡ್ ಅತಿಯಾದವರ ಸಂಖ್ಯೆ ಏರಿತು, ಕೆಲವು ವರ್ಷಗಳಲ್ಲಿ ಇಳಿಯಿತು. ಬಹುಪಾಲು ಹಾನಿ ಥೈರಾಯ್ಡಿನಲ್ಲಿ ಹಳೆಯ ಗಂಟುಗಳಿದ್ದ ಹಿರಿಯರಿಗೆ. ಅಯೋಡಿನ್ ಅಲ್ಲಿ ರೋಗ ಹುಟ್ಟಿಸಲಿಲ್ಲ, ಮೊದಲೇ ಹದಗೆಟ್ಟ ಗ್ರಂಥಿಗೆ ಇಂಧನ ಒದಗಿಸಿತು. ಯುವಕರಲ್ಲಿ ಕಾಲು ಸೋಲಿಸುವುದು ಸಾಮಾನ್ಯವಾಗಿ ಗ್ರೇವ್ಸ್ ಕಾಯಿಲೆ. ಅದು ರೋಗನಿರೋಧಕ ಶಕ್ತಿಯ ಎಡವಟ್ಟು.

ಕೊಡಗು, ಚಿಕ್ಕಮಗಳೂರಿನಂಥ ಮಲೆನಾಡಿನಲ್ಲಿ ಅಯೋಡಿನ್ ಕೊರತೆಯ ಗಳಗಂಡ ಒಂದು ಕಾಲಕ್ಕೆ ಮಾಮೂಲಿ ನೋಟವಾಗಿತ್ತು. ಆ ಕೊರತೆ ಗರ್ಭದ ಶಿಶುವಿನ ಮೆದುಳನ್ನೂ ಕುಂದಿಸುತ್ತದೆ. ಇದನ್ನು ಮರೆತು ಅಯೋಡಿನ್ ಇಲ್ಲದ ಗುಲಾಬಿ ಉಪ್ಪಿಗೆ ದುಬಾರಿ ಬೆಲೆ ತೆರುವುದು ನನಗೆ ವಿಚಿತ್ರವಾಗಿ ಕಾಣುತ್ತದೆ.

ಲೆಕ್ಕ ಹಾಕಿ ನೋಡಿ. ವಯಸ್ಕರಿಗೆ ದಿನಕ್ಕೆ ಬೇಕಾದ್ದು 150 ಮೈಕ್ರೋಗ್ರಾಂ ಅಯೋಡಿನ್. ‘ಕೊಂಬು’ ಎಂಬ ಕಡಲಕಳೆಯ ಒಂದು ಗ್ರಾಂನಲ್ಲೇ ಇದರ ಹಲವು ಪಟ್ಟು ಇರಬಹುದು. ಹೃದಯಕ್ಕೆ ಕೊಡುವ ಅಮಿಯೊಡರೋನ್‌ನ 200 ಮಿಲಿಗ್ರಾಂ ಮಾತ್ರೆಯಲ್ಲಿ ಸುಮಾರು 75 ಮಿಲಿಗ್ರಾಂ ಅಯೋಡಿನ್ ಇದೆ, ಅಂದರೆ ದಿನದ ಅಗತ್ಯದ 500 ಪಟ್ಟು. ಥೈರಾಯ್ಡ್ ಅತಿಯಾದವರು ವೈದ್ಯರಿಗೆ ಹೇಳಬೇಕಾದ್ದು ಇಂಥ ಮಾತ್ರೆ, ಕಡಲಕಳೆಯ ಪುಡಿಗಳ ಬಗ್ಗೆ. ಕಾಲಿನ ಬಲ ಮತ್ತೆ ಕೈಕೊಡದಂತೆ ತಡೆಯುವುದು ಥೈರಾಯ್ಡಿನ ಚಿಕಿತ್ಸೆ. ಅದು ಹತೋಟಿಗೆ ಬರುವವರೆಗೆ ಪ್ರೊಪ್ರನೊಲಾಲ್ ನೆರವಾಗುತ್ತದೆ.