ಮುಚ್ಚಳಿಕೆಗೆ ಸಹಿ ಹಾಕುವ ಮುನ್ನ



"ನಿಮ್ಮ ಮಗ ಠಾಣೆಯಲ್ಲಿದ್ದಾನೆ, ಬನ್ನಿ" ಎಂದು ಫೋನ್ ಬಂದರೆ ಯಾವ ತಾಯಿಯ ಎದೆಯೂ ಒಮ್ಮೆ ನಡುಗುತ್ತದೆ. ಆ ಗಾಬರಿಯಲ್ಲಿ ನಾವು ಬಯಸುವುದು ಒಂದೇ. ಕೋರ್ಟು, ಕೇಸು ಏನೂ ಬೇಡ, ಹೇಗಾದರೂ ಮಾಡಿ ಹುಡುಗನನ್ನು ಮನೆಗೆ ಕರೆತಂದರೆ ಸಾಕು. "ಬೈದು ಬುದ್ಧಿ ಹೇಳಿ ಬಿಟ್ಟುಬಿಡಿ ಸಾರ್" ಎಂದು ಕೈಮುಗಿಯುತ್ತೇವೆ. ಅವರು ಒಂದು ಹಾಳೆ ಮುಂದಿಟ್ಟು, "ಮುಚ್ಚಳಿಕೆ ಬರೆದುಕೊಡಿ" ಎಂದರೆ ಏನು ಬರೆದಿದೆ ಎಂದು ನೋಡದೆ ಸಹಿ ಹಾಕಿಬಿಡುತ್ತೇವೆ.

ಸಣ್ಣ ತಪ್ಪು ಮಾಡಿದ ಮಗುವಿಗೆ ಎಚ್ಚರಿಕೆ ನೀಡಿ ಮನೆಗೆ ಕಳುಹಿಸಲು ನಮ್ಮ ಕಾನೂನಿನಲ್ಲೇ ದಾರಿ ಇದೆ. ಅದು ಯಾರೋ ತೋರುವ ದಯೆ ಅಲ್ಲ, ಮಗುವಿನ ಹಕ್ಕು. ಆದರೆ ಆ ದಾರಿ ಯಾವುದೆಂದು ನಮಗೆ ತಿಳಿದಿರಬೇಕು.

ಎಚ್ಚರಿಕೆ ಕೊಡುವವರು ಯಾರು?

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸಣ್ಣ ಅಪರಾಧಕ್ಕೆ ಪೊಲೀಸರೇ 'ಕಾಶನ್' ಎಂಬ ಅಧಿಕೃತ ಎಚ್ಚರಿಕೆ ನೀಡಬಹುದು. ಆರೋಪಿ ತಪ್ಪನ್ನು ಒಪ್ಪಿಕೊಂಡಿರಬೇಕು. ಅದು ಕೋರ್ಟಿನ ಶಿಕ್ಷೆಯಲ್ಲ, ಆದರೆ ಪೊಲೀಸ್ ದಾಖಲೆಯಲ್ಲಿ ಉಳಿಯುತ್ತದೆ. ನಮ್ಮಲ್ಲಿ ಪೊಲೀಸರಿಗೆ ಅಂಥ ಅಧಿಕಾರವನ್ನು ಕಾನೂನು ಕೊಟ್ಟಿಲ್ಲ. ಇಲ್ಲಿ ಎಚ್ಚರಿಕೆ ನೀಡಿ ಬಿಡುವ ಅಧಿಕಾರ ಇರುವುದು ಹದಿನೆಂಟು ತುಂಬದವರ ವಿಷಯದಲ್ಲಿ ಬಾಲ ನ್ಯಾಯ ಮಂಡಳಿಗೆ, ದೊಡ್ಡವರ ವಿಷಯದಲ್ಲಿ ನ್ಯಾಯಾಲಯಕ್ಕೆ. ಠಾಣೆಯಲ್ಲಿ ಬರೆಸಿಕೊಳ್ಳುವ ಮುಚ್ಚಳಿಕೆ ರೂಢಿಯಲ್ಲಿ ಬಂದದ್ದು. ಅದನ್ನು ಕೊಟ್ಟ ಮಾತ್ರಕ್ಕೆ ವಿಷಯ ಮುಗಿಯಿತು ಎಂಬ ಖಾತ್ರಿ ಇಲ್ಲ.

ಹದಿನೆಂಟರೊಳಗಿನ ಮಗು

ಒಂದು ಉದಾಹರಣೆ ನೋಡೋಣ. ಹದಿನೈದರ ಹುಡುಗನೊಬ್ಬ ರಸ್ತೆ ಬದಿ ನಿಲ್ಲಿಸಿದ್ದ ಯಾರದೋ ಸೈಕಲ್ ಎತ್ತಿಕೊಂಡು ಹೋದ ಎನ್ನಿ. ಇಂಥ ಕಳ್ಳತನಕ್ಕೆ ಗರಿಷ್ಠ ಶಿಕ್ಷೆ ಮೂರು ವರ್ಷ. 2015ರ ಬಾಲ ನ್ಯಾಯ ಕಾಯ್ದೆ ಮೂರು ವರ್ಷದವರೆಗಿನ ಶಿಕ್ಷೆಯ ಅಪರಾಧಗಳನ್ನು ಸಣ್ಣ ಅಪರಾಧ ಎಂದು ಕರೆಯುತ್ತದೆ. 2016ರ ಮಾದರಿ ನಿಯಮಗಳ ಪ್ರಕಾರ, ಅಪರಾಧ ಘೋರವಾದದ್ದಲ್ಲದಿದ್ದರೆ ಮತ್ತು ದೊಡ್ಡವರ ಜೊತೆ ಸೇರಿ ಮಾಡಿದ್ದಲ್ಲದಿದ್ದರೆ ಮಗುವಿನ ಮೇಲೆ ಎಫ್‌ಐಆರ್ ಹಾಕುವಂತಿಲ್ಲ. ಠಾಣೆಯ ದಿನಚರಿಯಲ್ಲಿ ಬರೆದು, ಮಗುವಿನ ಮನೆ, ಶಾಲೆ, ಹಿನ್ನೆಲೆಯ ವರದಿ ತಯಾರಿಸಿ ಮಂಡಳಿಗೆ ಕಳುಹಿಸಬೇಕು.

ಪ್ರತಿ ಠಾಣೆಯಲ್ಲೂ ಒಬ್ಬ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಇರಬೇಕು. ನೀವು ಹೋದ ಕೂಡಲೇ ಕೇಳಬೇಕಾದದ್ದು ಅವರನ್ನು. ಮಗುವನ್ನು ಲಾಕಪ್ಪಿನಲ್ಲಿ ಇಡುವಂತಿಲ್ಲ. ಕೈಕೋಳ ಹಾಕುವಂತಿಲ್ಲ. ಹೊಡೆಯುವಂತಿಲ್ಲ. ವಶಕ್ಕೆ ಪಡೆದಿದ್ದರೆ 24 ಗಂಟೆಯೊಳಗೆ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಯಾವ ಹೇಳಿಕೆಗೂ ಮಗುವಿನ ಸಹಿ ಕೇಳುವಂತಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ.

ಮಂಡಳಿ ಏನು ಮಾಡುತ್ತದೆ?

ಮಂಡಳಿಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟ್ ಮತ್ತು ಇಬ್ಬರು ಸಮಾಜ ಸೇವಕರು ಇರುತ್ತಾರೆ. ಆ ಇಬ್ಬರಲ್ಲಿ ಒಬ್ಬರಾದರೂ ಮಹಿಳೆ ಆಗಿರಲೇಬೇಕು. ಮಗು ತಪ್ಪು ಮಾಡಿದ್ದು ನಿಜವೆಂದು ಕಂಡರೂ ಕಾಯ್ದೆಯ 18ನೇ ಸೆಕ್ಷನ್ ಮಂಡಳಿಗೆ ಹಲವು ದಾರಿಗಳನ್ನು ಕೊಟ್ಟಿದೆ. ಮೊದಲನೆಯದೇ, ಮಗುವಿಗೂ ತಂದೆ-ತಾಯಿಗೂ ಬುದ್ಧಿ ಹೇಳಿ, ಎಚ್ಚರಿಕೆ ಕೊಟ್ಟು ಮನೆಗೆ ಕಳುಹಿಸುವುದು. ಸಮಾಜ ಸೇವೆ ಮಾಡಿಸಬಹುದು. ದಂಡ ಹಾಕಬಹುದು. ಸನ್ನಡತೆಯ ಬಾಂಡ್ ಬರೆಸಿಕೊಂಡು ತಂದೆ-ತಾಯಿಯ ಸುಪರ್ದಿಗೆ ಒಪ್ಪಿಸಬಹುದು. ವಿಶೇಷ ಗೃಹಕ್ಕೆ ಕಳುಹಿಸುವುದು ಪಟ್ಟಿಯ ಕೊನೆಯಲ್ಲಿದೆ.

ಸಣ್ಣ ಅಪರಾಧದ ವಿಚಾರಣೆ ನಾಲ್ಕು ತಿಂಗಳಲ್ಲಿ, ಹೆಚ್ಚೆಂದರೆ ಇನ್ನೆರಡು ತಿಂಗಳ ವಿಸ್ತರಣೆಯಲ್ಲಿ ಮುಗಿಯದಿದ್ದರೆ ಆ ಪ್ರಕರಣವೇ ಅಂತ್ಯಗೊಳ್ಳುತ್ತದೆ. ಇನ್ನೂ ಒಂದು ಸಮಾಧಾನದ ಮಾತಿದೆ. ಮುಗಿದುಹೋದ ಪ್ರಕರಣದ ದಾಖಲೆಯನ್ನು ಪೊಲೀಸರು ನಡತೆ ಪ್ರಮಾಣಪತ್ರಕ್ಕಾಗಿ ಯಾರಿಗೂ ತಿಳಿಸುವಂತಿಲ್ಲ. ಮಗುವಿನ ಹೆಸರು, ಫೋಟೊ, ಶಾಲೆಯನ್ನು ಪತ್ರಿಕೆಯಲ್ಲಿ ಪ್ರಕಟಿಸುವುದೂ ಅಪರಾಧ. ಮುಂದೆ ಪಾಸ್‌ಪೋರ್ಟ್, ನೌಕರಿ ಎಂದು ಹೆದರುವ ತಾಯಂದಿರಿಗೆ ಇದು ಗೊತ್ತಿರಲಿ. ಆದ್ದರಿಂದ ಮಂಡಳಿ ಎಂದ ಕೂಡಲೇ ಹೆದರಬೇಡಿ. ಠಾಣೆಯಲ್ಲೇ ಯಾರದೋ ಮಧ್ಯಸ್ಥಿಕೆಯಲ್ಲಿ ಹಣ ಕೊಟ್ಟು ಮುಗಿಸುವುದಕ್ಕಿಂತ ಮಂಡಳಿಯ ದಾರಿಯೇ ಮಗುವಿಗೆ ಕ್ಷೇಮ.

ಹದಿನೆಂಟು ದಾಟಿದವರು

ಇಲ್ಲಿ ಪ್ರಕರಣ ಕೋರ್ಟಿಗೇ ಹೋಗುತ್ತದೆ. ಆದರೂ ಜೈಲೊಂದೇ ಕೊನೆಯಲ್ಲ. 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯಂತೆ, ಹಿಂದೆ ಶಿಕ್ಷೆಯಾಗಿರದವರು ಕಳ್ಳತನ, ವಂಚನೆಯಂಥ ಅಪರಾಧ ಅಥವಾ ಎರಡು ವರ್ಷ ಮೀರದ ಶಿಕ್ಷೆಯ ಅಪರಾಧ ಮಾಡಿದ್ದರೆ, ನ್ಯಾಯಾಧೀಶರು ಎಚ್ಚರಿಕೆ ಕೊಟ್ಟು ಬಿಡಬಹುದು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ ಸಮಾಜ ಸೇವೆಯನ್ನೂ ಒಂದು ಶಿಕ್ಷೆಯಾಗಿ ಸೇರಿಸಿದೆ. ಮೊದಲ ಬಾರಿ 5,000 ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತು ಕದ್ದವರು ಅದನ್ನು ಅಥವಾ ಅದರ ಬೆಲೆಯನ್ನು ಹಿಂದಿರುಗಿಸಿದರೆ ಸಮಾಜ ಸೇವೆಯೇ ಶಿಕ್ಷೆ. ಇವು ಶಿಕ್ಷೆಯನ್ನು ಹಗುರ ಮಾಡುವ ದಾರಿಗಳು. ವಕೀಲರು ಕೋರ್ಟಿನ ಗಮನಕ್ಕೆ ತರಬೇಕು, ನಾವೂ ಅವರಿಗೆ ನೆನಪಿಸಬೇಕು.

ಸ್ಕೂಟರ್ ಕೀಲಿ ಕೊಡುವ ಮುನ್ನ

ಒಂದು ವಿಷಯದಲ್ಲಿ ಮಾತ್ರ ಕಾನೂನು ತಾಯಿಯನ್ನೇ ಹಿಡಿಯುತ್ತದೆ. ಟ್ಯೂಷನ್ನಿಗೆ ತಡವಾಯಿತೆಂದು ಹದಿನಾರರ ಮಗನ ಕೈಗೆ ಸ್ಕೂಟರ್ ಕೀಲಿ ಕೊಡುವವರು ನಮ್ಮಲ್ಲಿ ಬಹಳ ಮಂದಿ. ಆತ ಅಪರಾಧ ಎಸಗಿದರೆ, 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯಂತೆ ಪೋಷಕರು ಅಥವಾ ವಾಹನದ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ವಾಹನದ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ಹೆಲ್ಮೆಟ್ ಇಲ್ಲದ್ದಕ್ಕೆ ರಸ್ತೆಯಲ್ಲೇ ದಂಡ ಕಟ್ಟಿ ರಸೀದಿ ಪಡೆದು ಬರುವಂಥ ವಿಷಯ ಇದಲ್ಲ.

ಠಾಣೆಗೆ ಹೋಗುವಾಗ

ಮಗನ ಜನನ ಪ್ರಮಾಣಪತ್ರ ಅಥವಾ ಶಾಲಾ ದಾಖಲೆ ಜೊತೆಗಿರಲಿ. ವಯಸ್ಸು ಸಾಬೀತಾದರೆ ಅರ್ಧ ದಾರಿ ಸುಗಮ. ಒಬ್ಬಂಟಿಯಾಗಿ ಹೋಗಬೇಡಿ. ಯಾವ ಕಾಗದವನ್ನೂ ಓದದೆ, ಓದಿಸಿಕೊಳ್ಳದೆ ಸಹಿ ಮಾಡಬೇಡಿ. ಖಾಲಿ ಹಾಳೆಗಂತೂ ಬೇಡವೇ ಬೇಡ. ಸಹಿ ಮಾಡಿದ್ದರ ಪ್ರತಿ ಕೇಳಿ ಪಡೆಯಿರಿ. ರಸೀದಿ ಇಲ್ಲದೆ ಒಂದು ರೂಪಾಯಿ ಕೂಡ ಕೊಡಬೇಡಿ. ಮಹಿಳೆಯರಿಗೂ ಮಕ್ಕಳಿಗೂ ಉಚಿತ ವಕೀಲರ ನೆರವು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಹಕ್ಕು. ಅದಕ್ಕೆ 15100, ಮಕ್ಕಳ ಸಹಾಯವಾಣಿಗೆ 1098 ಸಂಖ್ಯೆಗಳನ್ನು ಅಡುಗೆಮನೆಯ ಕ್ಯಾಲೆಂಡರಿನ ಮೇಲೆ ಇಂದೇ ಬರೆದಿಡಿ.

ಇನ್ನು ಮನೆಗೆ ಬಂದ ಮೇಲಿನ ಕೆಲಸ. ಊರಿಗೆಲ್ಲ ತಿಳಿಯಿತೆಂದು ಮಗನನ್ನು ಹೊಡೆಯುವುದು, ಶಾಲೆ ಬಿಡಿಸಿ ಅಂಗಡಿಗೆ ಹಾಕುವುದು ಬೇಡ. ಏನೂ ಆಗಿಲ್ಲವೆಂಬಂತೆ ಮುಚ್ಚಿಹಾಕುವುದೂ ಬೇಡ. ಸೈಕಲ್ ಕಳೆದುಕೊಂಡವರ ಮನೆಗೆ ಅವನನ್ನೇ ಕರೆದುಕೊಂಡು ಹೋಗಿ, ಅವನ ಬಾಯಿಂದಲೇ ಕ್ಷಮೆ ಕೇಳಿಸಿ. ಒಂದು ಎಚ್ಚರಿಕೆಯಲ್ಲೇ ತಿದ್ದಿಕೊಳ್ಳುವ ಅವಕಾಶವನ್ನು ಕಾನೂನು ಕೊಟ್ಟಿದೆ. ಆ ಎಚ್ಚರಿಕೆ ಅವನ ಮನಸ್ಸಿಗೆ ಇಳಿಯುವಂತೆ ಮಾಡುವುದು ಮನೆಯವರಾದ ನಮ್ಮ ಕೆಲಸ.