ಬಾವಿಯಿಂದ ಮೇಲೆ ಬಂದವನಿಗೆ ಸೂತಕವಿಲ್ಲವೇ?

ಅಗ್ನಿಶಾಮಕ ಸಿಬ್ಬಂದಿಯನ್ನು ‘ವೀರರು’ ಎಂದು ಕರೆಯುವುದನ್ನು ನಾವು ಸ್ವಲ್ಪ ಕಾಲ ನಿಲ್ಲಿಸಬೇಕು. ಆ ಮಾತು ಹೊಗಳಿಕೆಯಂತೆ ಕೇಳಿಸುತ್ತದೆ, ಆದರೆ ಅದು ಮಾಡುವ ಕೆಲಸ ಬೇರೆ. ವೀರನಿಗೆ ನಿದ್ದೆ ಕೆಡಬಾರದು. ಮಗುವಿನ ಹೆಣ ಎತ್ತಿದ ಕೈ ಸಂಜೆ ಊಟದ ತಟ್ಟೆಯ ಮುಂದೆ ನಡುಗಬಾರದು. ನಡುಗಿದರೆ ಅವನು ವೀರನಲ್ಲ ಎಂದಾಗುತ್ತದೆ. ಹಾಗಾಗಿ ಅವನು ಸುಮ್ಮನಿರುತ್ತಾನೆ, ನಮಗೂ ಅಷ್ಟೇ ಬೇಕಾಗಿರುವುದು.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೆಂಗಿನ ಸೀಮೆಯಲ್ಲಿ ಈ ಕೆಲಸ ಎಂಥದ್ದು ಎಂದು ನೋಡಿ. ವರ್ಷವಿಡೀ ಅಟ್ಟದಲ್ಲಿ ಒಣಗುವ ಉಂಡೆ ಕೊಬ್ಬರಿ ಎಂದರೆ ಎಣ್ಣೆಯ ಗಂಟು. ಮಂಡಿಗಳಲ್ಲಿ ಚೀಲದ ಮೇಲೆ ಚೀಲ, ನಾರಿನ ಘಟಕಗಳ ಅಂಗಳದಲ್ಲಿ ಮಟ್ಟೆಯ ಗುಡ್ಡ, ಚಿಪ್ಪು ಸುಡುವ ಇದ್ದಿಲ ಗುಂಡಿ. ನಾರಿನ ರಾಶಿಗೆ ಬಿದ್ದ ಬೆಂಕಿ ಮೇಲೆ ಆರಿದಂತೆ ಕಂಡರೂ ಒಳಗೆ ಕೆಂಡ ಹಾಗೇ ಇರುತ್ತದೆ. ರಾಶಿಯನ್ನು ಬಗೆದು ಬಗೆದು ನೀರು ಬಿಡದಿದ್ದರೆ ಮಾರನೆಯ ದಿನ ಮತ್ತೆ ಹೊತ್ತಿಕೊಳ್ಳುತ್ತದೆ. ಹೋಲಿಕೆ ತೀರಾ ಸುಲಭದ್ದು, ಆದ್ದರಿಂದ ಅದನ್ನು ಇಲ್ಲಿಗೇ ಬಿಡುತ್ತೇನೆ. ನಿಜ ಹೇಳಬೇಕೆಂದರೆ ಮನಸ್ಸು ಕೆಡಿಸುವುದು ಬೆಂಕಿಯೇ ಆಗಬೇಕೆಂದಿಲ್ಲ. ಇಲಾಖೆಯ ಹೆಸರೇ ಈಗ ‘ಅಗ್ನಿಶಾಮಕ ಮತ್ತು ತುರ್ತು ಸೇವೆಗಳು’. ಈ ಸೀಮೆಯಲ್ಲಿ ಆ ‘ತುರ್ತು’ ಎಂಬ ಮಾತಿನೊಳಗೆ ಏನೇನಿದೆ? ಬೋರ್‌ವೆಲ್ ಬಂದ ಮೇಲೆ ತೋಟದ ಮೂಲೆಯಲ್ಲಿ ಕಟ್ಟೆಯಿಲ್ಲದೆ ಬಾಯಿ ತೆರೆದುಕೊಂಡಿರುವ ಹಳೆಯ ಬಾವಿಗಳಿವೆ. ಪ್ಲಾಸ್ಟಿಕ್ ಹಾಳೆ ಹಾಸಿದ, ಕಾಲು ಜಾರಿದರೆ ಹತ್ತಲಾಗದ ಕೃಷಿ ಹೊಂಡಗಳಿವೆ. ಹೇಮಾವತಿ ನಾಲೆ, ಕೆರೆಗಳಿವೆ. ಬಿ.ಎಚ್. ರಸ್ತೆಯಲ್ಲಿ ಲಾರಿಯಡಿ ನಜ್ಜುಗುಜ್ಜಾದ ಕಾರುಗಳಿರುತ್ತವೆ, ಅದರೊಳಗೆ ಇನ್ನೂ ಮಾತಾಡುತ್ತಿರುವ ಮನುಷ್ಯರಿರುತ್ತಾರೆ.

ಬಾವಿಗೆ ಬಿದ್ದ ಕೊಡ ಎತ್ತಲು ನಮ್ಮ ಮನೆಗಳಲ್ಲಿ ಪಾತಾಳಗರಡಿ ಇರುತ್ತಿತ್ತು. ಬಿದ್ದದ್ದು ಮನುಷ್ಯನಾದರೆ ಮನುಷ್ಯನೇ ಇಳಿಯಬೇಕು. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದವನು ಆ ದೇಹವನ್ನು ತಬ್ಬಿ ಹಿಡಿಯದೆ ಮೇಲೆ ತರಲಾರ. ತರುವ ಹೊತ್ತಿಗೆ ಬಾವಿಯ ಸುತ್ತ ತಾಯಿ ಕೂಗುತ್ತಿರುತ್ತಾಳೆ. ಪೊಲೀಸರ ಮಹಜರು ಮುಗಿಯುತ್ತದೆ, ಆಂಬುಲೆನ್ಸ್ ಹೋಗುತ್ತದೆ, ಇವನು ಬಟ್ಟೆ ಹಿಂಡಿಕೊಂಡು ಗಾಡಿ ಹತ್ತುತ್ತಾನೆ. ಮುಂದಿನ ಕರೆ ಬಂದರೆ ಮುಂದಿನ ಕರೆ.

ಸಾವಿನ ವಿಷಯದಲ್ಲಿ ನಮ್ಮ ಹಳ್ಳಿಗಳು ದಡ್ಡ ಹಳ್ಳಿಗಳೇನಲ್ಲ. ಮಣ್ಣಿಗೆ ಹೋಗಿಬಂದವರು ಸ್ನಾನ ಮಾಡಿ, ದೀಪ ನೋಡಿ ಮನೆಯೊಳಗೆ ಕಾಲಿಡಬೇಕು. ಮೂರನೆಯ ದಿನ ಹಾಲು ತುಪ್ಪ, ಹನ್ನೊಂದಕ್ಕೆ ತಿಥಿ. ಸತ್ತವರ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ನೆಂಟರು ಅನ್ನ ತರುತ್ತಾರೆ. ಇದೆಲ್ಲ ಮೂಢನಂಬಿಕೆ ಎಂದು ಪಟ್ಟಿ ಮಾಡುವವರು ಮಾಡಲಿ. ಸಾವನ್ನು ಮುಟ್ಟಿದವನಿಗೆ ಸ್ವಲ್ಪ ದಿನ ಬಿಡುವು ಬೇಕು, ಅವನನ್ನು ಒಬ್ಬನೇ ಬಿಡಬಾರದು ಎಂಬ ತಿಳಿವಳಿಕೆಯಂತೂ ಅದರಲ್ಲಿದೆ. ಮಗು ಬೆಚ್ಚಿಬಿದ್ದರೆ ಅಂತ್ರ ಕಟ್ಟಿಸುವ ನಮಗೆ ಹೆದರಿಕೆಯೂ ಒಂದು ಕಾಯಿಲೆಯೆಂದು ಗೊತ್ತು. ಸೂತಕ ನೆಂಟರಿಗಿದೆ, ಹೆಗಲು ಕೊಟ್ಟವರಿಗೂ ಒಂದು ಸ್ನಾನವಿದೆ. ಎಲ್ಲರಿಗಿಂತ ಮೊದಲು ಆ ದೇಹವನ್ನು ಎದೆಗೆ ಒತ್ತಿ ಹಿಡಿದವನು ಮಾತ್ರ ಯಾರ ಲೆಕ್ಕದಲ್ಲೂ ಇಲ್ಲ. ನಮ್ಮ ಕತೆಗಳಲ್ಲೂ ಹಾಗೆಯೇ: ಬಾವಿಗೆ ಬೀಳುವವರು ಬೇಕಾದಷ್ಟು, ಹಗ್ಗ ಹಿಡಿದು ಇಳಿದವನು ಒಂದು ಸಾಲಿನಲ್ಲಿ ಬಂದು ಹೋಗುತ್ತಾನೆ.

‘ಅಭ್ಯಾಸವಾಗಿಬಿಡುತ್ತದೆ ಬಿಡಿ’ ಎನ್ನುವವರಿದ್ದಾರೆ. ಇದರಷ್ಟು ಸುಳ್ಳು ಮಾತು ಇನ್ನೊಂದಿಲ್ಲ. ಆಘಾತದ ನಂತರದ ಈ ಕಾಯಿಲೆಗೆ ಅಮೆರಿಕದ ಮನೋವೈದ್ಯರ ಸಂಘ ತನ್ನ ಕೈಪಿಡಿಯಲ್ಲಿ ಪಿ.ಟಿ.ಎಸ್.ಡಿ. ಎಂಬ ಹೆಸರು ಕೊಟ್ಟದ್ದು 1980ರಲ್ಲಿ, ವಿಯೆಟ್ನಾಂನಿಂದ ಮರಳಿದ ಸೈನಿಕರನ್ನು ಕಂಡ ಮೇಲೆ. 2013ರ ಆವೃತ್ತಿಯಲ್ಲಿ ಇನ್ನೊಂದು ಮಾತು ಸ್ಪಷ್ಟವಾಗಿ ಸೇರಿತು: ಕೆಲಸದ ಭಾಗವಾಗಿ ಇಂಥದ್ದನ್ನು ಮತ್ತೆ ಮತ್ತೆ ಎದುರಿಸುವವರಿಗೂ ಇದು ಬರುತ್ತದೆ. ಉದಾಹರಣೆಗೆ ಅಲ್ಲಿ ಹೇಳಿರುವುದು ಮನುಷ್ಯರ ಅವಶೇಷಗಳನ್ನು ಎತ್ತುವ ರಕ್ಷಣಾ ಸಿಬ್ಬಂದಿಯನ್ನೇ. ಅಂದರೆ ಮತ್ತೆ ಮತ್ತೆ ನೋಡುವುದು ರಕ್ಷೆಯಲ್ಲ, ಅದೇ ಗಾಯ. ಅಭ್ಯಾಸವಾಗುವುದು ಮುಖವನ್ನು ಕಲ್ಲು ಮಾಡಿಕೊಳ್ಳುವುದು. ಆ ಮುಖವನ್ನು ಮನೆಗೆ ಹೋಗುವಾಗ ಠಾಣೆಯ ಮೊಳೆಗೆ ನೇತುಹಾಕಿ ಹೋಗಲು ಬರುವುದಿಲ್ಲ.

1981ರ ಫೆಬ್ರುವರಿ 7ರಂದು ಬೆಂಗಳೂರಿನ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು 92 ಜನ ಸತ್ತರು, ಹೆಚ್ಚಿನವರು ಮಕ್ಕಳು. ಆ ಕುಟುಂಬಗಳ ದುಃಖವನ್ನು ನಿಮ್ಹಾನ್ಸ್ ವೈದ್ಯರು ಅಧ್ಯಯನ ಮಾಡಿದರು. ದುರಂತಗಳು ಮನಸ್ಸಿಗೆ ಮಾಡುವ ಗಾಯದ ಬಗ್ಗೆ ನಮ್ಮ ದೇಶದಲ್ಲಿ ನಡೆದ ಮೊದಮೊದಲ ಕೆಲಸಗಳಲ್ಲಿ ಅದೂ ಒಂದು. ಅಂದರೆ ಈ ತಿಳಿವಳಿಕೆ ನಮ್ಮ ರಾಜ್ಯಕ್ಕೆ ಹೊರಗಿನಿಂದ ಬರಬೇಕಾದದ್ದಲ್ಲ. ತಿಪಟೂರಿನಿಂದ ರೈಲು ಹತ್ತಿದರೆ ಮೂರು ಗಂಟೆಯ ದಾರಿ.

ಇನ್ನು ಕೊಳವೆಬಾವಿಗಳ ಕತೆ. 2017ರ ಏಪ್ರಿಲ್‌ನಲ್ಲಿ ಅಥಣಿ ತಾಲ್ಲೂಕಿನ ಝುಂಜರವಾಡದಲ್ಲಿ ಕೊಳವೆಬಾವಿಗೆ ಬಿದ್ದ ಹುಡುಗಿಗಾಗಿ ಎರಡು ದಿನಕ್ಕೂ ಮಿಕ್ಕಿ ಅಗೆದರು, ಸಿಕ್ಕಿದ್ದು ಹೆಣ. 2024ರ ಏಪ್ರಿಲ್‌ನಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಸುಮಾರು 20 ಗಂಟೆಯ ನಂತರ ಮಗು ಜೀವಂತ ಬಂತು. ಅಲ್ಲಿ ಚಪ್ಪಾಳೆ, ಇಲ್ಲಿ ಮೌನ. ಎರಡೂ ಕಡೆ ಅಗೆದವರು ಕೈಮೀರಿ ಅಗೆದಿದ್ದರು. ಎಷ್ಟು ಆಳದಲ್ಲಿ, ಹೇಗೆ ಸಿಕ್ಕಿಕೊಂಡಿದೆ ಎಂಬುದು ಅವರ ಕೈಯಲ್ಲಿರಲಿಲ್ಲ. ಆದರೆ ಮಗು ಉಳಿಯದಿದ್ದಾಗ ‘ಇನ್ನೊಂದು ಗಂಟೆ ಮೊದಲು ಮುಟ್ಟಿದ್ದರೆ’ ಎಂಬ ಲೆಕ್ಕ ಅಗೆದವನ ತಲೆಯಲ್ಲಿ ನಡೆಯುತ್ತಲೇ ಇರುತ್ತದೆ. ಜನರೂ ಅದನ್ನು ಮುಖದ ಮೇಲೇ ಹೇಳುತ್ತಾರೆ: ‘ಈಗ ಬಂದ್ರಾ?’

ಪರಿಹಾರ ಎಂದಕೂಡಲೇ ನಮ್ಮ ಅಧಿಕಾರಿಗಳಿಗೆ ಹೊಳೆಯುವುದು ಕಾರ್ಯಾಗಾರ. ಒಂದು ಬ್ಯಾನರ್, ಒಬ್ಬ ಭಾಷಣಕಾರ, ಪ್ರಾಣಾಯಾಮ, ಊಟ. ಇದಕ್ಕಿಂತ ಗಂಭೀರವಾದ ಒಂದು ವಿಧಾನವೇ ಸೋತಿದೆ ಎಂದು ತಿಳಿದಿರಲಿ. ತಾನೇ ಅಗ್ನಿಶಾಮಕ ಸಿಬ್ಬಂದಿಯಾಗಿದ್ದ ಜೆಫ್ರಿ ಮಿಚೆಲ್ ಎಂಬ ಅಮೆರಿಕದವನು 1983ರಲ್ಲಿ ಒಂದು ಕ್ರಮ ರೂಪಿಸಿದ: ಘಟನೆಯಾದ ಕೆಲವೇ ದಿನಗಳಲ್ಲಿ ಎಲ್ಲರನ್ನೂ ಕೂರಿಸಿ ಕಂಡದ್ದನ್ನು ಹೇಳಿಸುವುದು. ಜಗತ್ತಿನ ಹಲವೆಡೆ ಅದು ಹಬ್ಬಿತು. ಆಮೇಲೆ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಒಂದೇ ಬೈಠಕ್ಕಿನಲ್ಲಿ ಹೀಗೆ ಬಾಯಿ ಬಿಡಿಸುವುದರಿಂದ ಕಾಯಿಲೆ ತಪ್ಪುವುದಿಲ್ಲ, ಕೆಲವರಿಗೆ ಹೆಚ್ಚಾಗಲೂಬಹುದು ಎಂದು ಕಂಡುಬಂತು. ಹಸಿ ಗಾಯವನ್ನು ಎಲ್ಲರೆದುರು ಕೆದಕಿ ಮನೆಗೆ ಕಳಿಸಿದರೆ ಇನ್ನೇನಾಗುತ್ತದೆ? ಬೇಕಾದದ್ದು ನಿಧಾನದ್ದು: ನಿದ್ದೆ, ಊಟ, ಬಿಡುವು, ಜೊತೆಯವರು, ತಿಂಗಳಾದರೂ ಕನಸು ಬಿಡದಿದ್ದರೆ ಸರಿಯಾದ ಚಿಕಿತ್ಸೆ.

ಸರ್ಕಾರದ ಟೆಲಿ-ಮನಸ್ ಸಹಾಯವಾಣಿ 14416 ಎಂದು ಇದೆ, 2022ರಲ್ಲಿ ಶುರುವಾದದ್ದು. ಒಳ್ಳೆಯದೇ, ಈ ಸಂಖ್ಯೆ ಪ್ರತಿ ಠಾಣೆಯ ಗೋಡೆಯ ಮೇಲಿರಲಿ. ಆದರೆ ಕೆಲಸದಲ್ಲಿ ಆದ ಗಾಯಕ್ಕೆ ಗಾಯಗೊಂಡವನೇ ರಾತ್ರಿ ಎದ್ದು, ಹೆಂಡತಿಗೆ ಕೇಳದಂತೆ ಹೊರಗೆ ಹೋಗಿ ಫೋನ್ ಮಾಡಬೇಕೇ? ಸುಟ್ಟ ಕೈಗೆ ಹಾಗೆ ಹೇಳುತ್ತೇವೆಯೇ? 2017ರ ಮಾನಸಿಕ ಆರೋಗ್ಯ ರಕ್ಷಣೆ ಕಾಯ್ದೆ ಮನಸ್ಸಿನ ಕಾಯಿಲೆಯನ್ನು ದೇಹದ ಕಾಯಿಲೆಗೆ ಸಮನಾಗಿ ನೋಡಬೇಕೆನ್ನುತ್ತದೆ, ಗೋಪ್ಯತೆಯನ್ನು ಹಕ್ಕಾಗಿಸಿದೆ. ಕೇಳಬೇಕಾದದ್ದು ಅದನ್ನೇ. ಮಗುವಿನ ಸಾವು, ಹಲವರ ಸಾವು, ಜೊತೆಗಾರನ ಸಾವು ಕಂಡ ತಂಡವನ್ನು ಕೇಳದೆಯೇ ಮುಂದಿನ ಪಾಳಿಯಿಂದ ಬಿಡಿಸಬೇಕು, ರಜೆಯೆಂದಲ್ಲ, ಕರ್ತವ್ಯವೆಂದೇ ಬರೆದುಕೊಂಡು. ತಿಂಗಳ ನಂತರ ಒಬ್ಬ ವೈದ್ಯರು ಎಲ್ಲರನ್ನೂ ನೋಡಬೇಕು, ಆಗ ಯಾರೊಬ್ಬರೂ ಬೇರೆಯಾಗಿ ಎದ್ದು ಕಾಣುವುದಿಲ್ಲ. ಅಲ್ಲಿ ಆಡಿದ ಮಾತು ಸೇವಾ ಪುಸ್ತಕಕ್ಕೆ, ಬಡ್ತಿಯ ಕಡತಕ್ಕೆ ಹೋಗಕೂಡದು. ದೂರದ ಜಿಲ್ಲೆಯಿಂದ ಬಂದು ಬಾಡಿಗೆ ಕೋಣೆಯಲ್ಲಿ ಒಬ್ಬನೇ ಇರುವವನಿಗೆ ಊರಿಗೆ ಹೋಗಿಬರಲು ಎರಡು ದಿನ ಕೊಡಬೇಕು. ‘ತಂಡವನ್ನೇ ಬಿಡಿಸಿದರೆ ಗಾಡಿ ಹತ್ತುವವರಾರು?’ ಎಂದರೆ, ಅದು ಜನರನ್ನು ನೇಮಿಸಿಕೊಳ್ಳಲು ಕಾರಣ, ಇರುವವರನ್ನು ಅರೆಯಲು ಅಲ್ಲ.

ಪ್ರತಿ ಏಪ್ರಿಲ್ 14ರಂದು ಅಗ್ನಿಶಾಮಕ ಸೇವಾ ದಿನ ಆಚರಿಸುತ್ತೇವೆ. 1944ರಲ್ಲಿ ಅದೇ ದಿನ ಮುಂಬಯಿಯ ಹಡಗುಕಟ್ಟೆಯಲ್ಲಿ ಫೋರ್ಟ್ ಸ್ಟೈಕಿನ್ ಎಂಬ ಹಡಗಿನ ಹತ್ತಿ ಬೇಲಿಗೆ ಹೊತ್ತಿದ ಬೆಂಕಿ ಸ್ಫೋಟಕಗಳಿಗೆ ತಗುಲಿ, ಆರಿಸಲು ಹೋದ 66 ಸಿಬ್ಬಂದಿ ಸತ್ತರು. ಅವರಿಗೆ ಹೂವು ಸಲ್ಲಲೇಬೇಕು. ಆದರೆ ಅವತ್ತು ಬದುಕಿ ಉಳಿದು, ಮರುದಿನ ಜೊತೆಗಾರರ ಚೂರುಗಳನ್ನು ಹುಡುಕಿದವರೂ ಇದ್ದರಲ್ಲ? ಸತ್ತವನಿಗಷ್ಟೇ ಮರ್ಯಾದೆ ಕೊಡುವ ಇಲಾಖೆ, ಸಮಾಜ ಎರಡೂ ಅಗ್ಗದಲ್ಲಿ ಪಾರಾಗುತ್ತವೆ.

ಇಲಾಖೆಯನ್ನು ಬೈದು ಮುಗಿಸುವುದೂ ಅಗ್ಗವೇ. ಬಾವಿಯ ಸುತ್ತ ನಿಂತವರು ನಾವು. ಹಗ್ಗಕ್ಕೆ ಕೈ ಕೊಡುವ ನಾಲ್ಕು ಜನರ ಹಿಂದೆ ಮೊಬೈಲ್ ಎತ್ತಿ ಹಿಡಿದ ನಲವತ್ತು ಜನ. ಹೆಣ ಮೇಲೆ ಬರುವ ಕ್ಷಣಕ್ಕೆ ‘ಸ್ವಲ್ಪ ಪಕ್ಕಕ್ಕೆ ಬನ್ನಿ ಸಾರ್’ ಎಂದು ಇಳಿದವನಿಗೇ ಹೇಳುವವರೂ ಇದ್ದಾರೆ. ಆ ವಿಡಿಯೊ ಸಂಜೆಯೊಳಗೆ ತಾಲ್ಲೂಕಿನ ವಾಟ್ಸಾಪ್ ಗುಂಪುಗಳನ್ನೆಲ್ಲ ಸುತ್ತಿ, ಮರೆಯಲು ಹೆಣಗುತ್ತಿರುವ ಅವನ ಫೋನಿಗೂ ಬರುತ್ತದೆ. ಕೆಳಗೆ ಯಾರೋ ಕೈಮುಗಿದ ಚಿತ್ರ ಹಾಕಿರುತ್ತಾರೆ. ಅದನ್ನು ಅವನ ಮಗಳು ಅವನಿಗಿಂತ ಮೊದಲೇ ನೋಡಿರುತ್ತಾಳೆ.