ಕೃಷ್ಣ ಕಪ್ಪಗಿದ್ದ ಕಣ್ರಪ್ಪಾ

ಹೋದ ತಿಂಗಳು ನಮ್ಮ ವಾಚನಾಲಯದ ಜಗುಲಿ ಮೇಲೆ ಇಬ್ಬರು ಹುಡುಗರು ಜಗಳಕ್ಕೆ ಬಿದ್ದಿದ್ದರು. ಹೊಲದ ಬದುವಿನ ಜಗಳ ಅಲ್ಲ, ಬೋರಿನ ಜಗಳವೂ ಅಲ್ಲ. ಅಮೆರಿಕದವರ ಬೊಂಬೆ ಪುಸ್ತಕದಲ್ಲಿ ವುಲ್ವರಿನ್ ಅಂತ ಒಬ್ಬ ವೀರ ಇದ್ದಾನಂತೆ, ಕೈಬೆರಳ ಸಂದಿಯಿಂದ ಕಬ್ಬಿಣದ ಉಗುರು ಬರುತ್ತವಂತೆ. ಪುಸ್ತಕದ ಪ್ರಕಾರ ಅವನ ಎತ್ತರ 5 ಅಡಿ 3 ಇಂಚು. ಸಿನಿಮಾದಲ್ಲಿ ಆ ವೇಷ ಹಾಕಿದ ಹ್ಯೂ ಜಾಕ್‌ಮನ್ ಆರಡಿ ಮೇಲಿದ್ದಾನೆ. "ಬೊಂಬೆಯೊಳಗಿರೋನು ಕುಳ್ಳ, ಇವನು ನೋಡಿದ್ರೆ ತೆಂಗಿನಮರ, ಹೆಂಗೆ ಒಪ್ಪೋದು?" ಅಂತ ಒಬ್ಬ. "2000ನೇ ಇಸವಿಯಿಂದ ಜಗತ್ತೇ ಒಪ್ಪೈತೆ, ನಿಂದೇನೋ?" ಅಂತ ಇನ್ನೊಬ್ಬ.

ನಾನು ಪೇಪರು ಮಡಚಿಟ್ಟು ಕೇಳುತ್ತಾ ಕೂತೆ. ನಗು ಬಂತು. ಆಮೇಲೆ ನಗು ನಿಂತುಹೋಯಿತು. ಯಾಕಂದ್ರೆ ಇದೇ ಜಗಳ ನಮ್ಮೂರಲ್ಲಿ ದೊಡ್ಡೋರು ಮಾಡಿದ್ದನ್ನ ನಾನು ಕಂಡಿದ್ದೀನಿ, ಆವತ್ತು ಅದನ್ನ ಜಗಳ ಅಂತ ಯಾರೂ ಕರೀಲಿಲ್ಲ.

ಜಾತ್ರೆಗೆ ನಮ್ಮೂರಲ್ಲಿ ಕುರುಕ್ಷೇತ್ರ ನಾಟಕ ಆಡುತ್ತಾರೆ. ಮಡಕಶಿರಾ ಕಡೆ ಆಗಲಿ ರಾಯದುರ್ಗದ ಕಡೆ ಆಗಲಿ, ಪೌರಾಣಿಕ ನಾಟಕ ಆಡದ ಕನ್ನಡದ ಊರು ಕಮ್ಮಿ. ಪಾತ್ರ ಹಂಚುವ ದಿನ ಎಲ್ಲರಿಗೂ ಗೊತ್ತಿರೋದೇ: ಹಾರ್ಮೋನಿಯಂ ಮೇಷ್ಟ್ರು ಮಧ್ಯೆ ಕೂತಿರುತ್ತಾರೆ, ಸುತ್ತ ಕಮಿಟಿಯೋರು. ಆ ಸಲ ಲೆಕ್ಕ ಬರೆಯೋನು ನಾನೇ. ಕಾಲೋನಿಯಿಂದ ಒಬ್ಬ ಹುಡುಗ ಬಂದಿದ್ದ. ಕೃಷ್ಣನ ಪದ್ಯ ಹಾಡಿದ. ಮೇಷ್ಟ್ರು ಪೆಟ್ಟಿಗೆ ಮೇಲಿನ ಬೆರಳು ತೆಗೀದೆ ತಲೆ ಆಡಿಸಿದರು. ಅಷ್ಟು ಚೆನ್ನಾಗಿ ಹಾಡಿದ್ದ. ಕಮಿಟಿಯೋರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬ ಹಿರಿಯರು, "ಕಂಠ ಐತೆ ಕಣಪ್ಪ, ಇಲ್ಲ ಅನ್ನಲ್ಲ. ಆದ್ರೆ ಕೃಷ್ಣ ಅಂದ್ರೆ ಕಳೆ ಬೇಕಲ್ಲ. ಪಟದಾಗೆ ನೋಡಿಲ್ವಾ?" ಅಂದರು. ಹುಡುಗನಿಗೆ ದ್ವಾರಪಾಲಕನ ಪಾತ್ರ ಕೊಡ್ತೀವಿ ಅಂದರು. ಅವನು "ಆಯ್ತು ಸಾಮಿ, ಹೇಳ್ತೀನಿ" ಅಂತ ಎದ್ದು ಹೋದವನು ಮತ್ತೆ ಬರಲಿಲ್ಲ.

ಕೃಷ್ಣನ ಪಾತ್ರ ಗೊಬ್ಬರದ ಅಂಗಡಿ ಸಾಹುಕಾರರಿಗೆ ಹೋಯಿತು. ಪಾತ್ರಕ್ಕೆ ಇಷ್ಟು ಅಂತ ದುಡ್ಡು ಕಟ್ಟೋದು ನಮ್ಮ ಕಡೆ ಪದ್ಧತಿ. ಡ್ರೆಸ್ಸು, ಸೀನು, ಮೈಕು, ಊಟ ಎಲ್ಲಾ ಅದರಲ್ಲೇ ಆಗಬೇಕು. ಸಾಹುಕಾರರು ಎಲ್ಲರಿಗಿಂತ ಹೆಚ್ಚು ಕಟ್ಟಿದ್ದರು. ವಯಸ್ಸು ಐವತ್ತು ದಾಟಿತ್ತು, ಡಾಬು ಕಟ್ಟಿದರೆ ಹೊಟ್ಟೆ ಕೆಳಗೆ ಜಾರುತ್ತಿತ್ತು. ಪದ್ಯ ಬಂದಾಗೆಲ್ಲ ಮೇಷ್ಟ್ರೇ ದನಿ ಸೇರಿಸಿ ದಡ ಮುಟ್ಟಿಸಿದರು. ಆ ರಾತ್ರಿ ಒಬ್ಬರಾದರೂ "ಪಟದಾಗಿನ ಕೃಷ್ಣ ಹಿಂಗಿದ್ನಾ?" ಅಂತ ಕೇಳಲಿಲ್ಲ. ನಾನೂ ಕೇಳಲಿಲ್ಲ. ಸಾಹುಕಾರರ ಹೆಸರಿನ ಮುಂದೆ "ಜಮಾ" ಅಂತ ಬರೆದವನು ನಾನೇ.

ಹೋಲಿಕೆ ಅನ್ನೋ ಮಾತು ನಮ್ಮೂರುಗಳಲ್ಲಿ ಯಾವಾಗ ಹುಟ್ಟುತ್ತೆ, ಯಾವಾಗ ಸಾಯುತ್ತೆ ಅನ್ನೋದು ನನಗೆ ಅವತ್ತು ಅರ್ಥ ಆಯಿತು. ದುಡ್ಡಿದ್ದೋನಿಗೆ ಹೋಲಿಕೆ ಬೇಕಿಲ್ಲ. ಕರೀ ಹುಡುಗ ಬಂದು ಮುಂದೆ ನಿಂತರೆ ಪಟ ಜ್ಞಾಪಕಕ್ಕೆ ಬರುತ್ತೆ.

ಆ ಪಟದ ವಿಚಾರವೇ ಕೇಳಿ ಈಗ. ಕೃಷ್ಣ ಅನ್ನೋ ಶಬ್ದಕ್ಕೆ ಅರ್ಥವೇ ಕಪ್ಪು. ಶ್ಯಾಮ ಅಂದರೂ ಅದೇ. ರಾಮನನ್ನ ಮೋಡದ ಬಣ್ಣದೋನು ಅಂತಾರೆ, ನಮ್ಮ ಸೀಮೆಯ ಬಿಳೀ ಮೋಡ ಅಲ್ಲ, ಮಳೆ ಹೊತ್ತ ಮೋಡ. ದ್ರೌಪದಿಗೂ ಕೃಷ್ಣೆ ಅಂತ ಹೆಸರು, ಅವಳೂ ಕಪ್ಪು. ಅರ್ಜುನನ ಹತ್ತು ಹೆಸರಿನಲ್ಲಿ ಕೃಷ್ಣ ಅನ್ನೋದೂ ಒಂದು. ಪುರಾಣ ಕೇಳಿದರೆ ಈ ನಾಕು ಪಾತ್ರಕ್ಕೂ ಕಾಲೋನಿ ಹುಡುಗನೇ ಹತ್ತಿರ, ಸಾಹುಕಾರರಲ್ಲ. ಹಂಗಾದ್ರೆ ಕಮಿಟಿಯೋರು ಹೇಳಿದ ಕಳೆ ಎಲ್ಲಿಂದ ಬಂತು?

ಕ್ಯಾಲೆಂಡರಿನಿಂದ. ರಾಜಾ ರವಿವರ್ಮ 1894ರಲ್ಲಿ ಮುಂಬೈ ಹತ್ತಿರ ಅಚ್ಚಿನ ಪ್ರೆಸ್ಸು ಹಾಕಿಸಿದ. ಅಲ್ಲಿಂದ ಲಕ್ಷ್ಮಿ, ಸರಸ್ವತಿ ಬಣ್ಣದ ಕಾಗದದಲ್ಲಿ ಮನೆಮನೆಗೆ ಬಂದರು. ಅವನ ಎದುರು ಮಾದರಿಗೆ ಕೂತಿದ್ದು ನಮ್ಮ ನಿಮ್ಮಂಥ ಹೆಂಗಸರೇ. ಅವರ ಮುಖವೇ ದೇವರ ಮುಖ ಆಯಿತು. ಅದಕ್ಕೂ ಹಿಂದೆ ಹೋಗೋದಾದ್ರೆ ಲೇಪಾಕ್ಷಿ ನಮಗೆ ದೂರ ಅಲ್ಲ, ಹಿಂದೂಪುರ ದಾಟಿದರೆ ಸಿಗುತ್ತೆ. ವೀರಭದ್ರ ಗುಡಿಯ ಮಂಟಪದಲ್ಲಿ ತಲೆ ಎತ್ತಿ ನೋಡಿ. ಅಲ್ಲಿ ದೇವಾನುದೇವತೆಗಳ ಜೊತೆ ಇರೋ ಹೆಂಗಸರು ಉಟ್ಟಿರೋದು ಕೈಲಾಸದ ಬಟ್ಟೆ ಅಲ್ಲ, ಅಚ್ಯುತರಾಯನ ಕಾಲದ ಸೀರೆ. ಗಂಡಸರ ತಲೆ ಮೇಲೆ ವಿಜಯನಗರದ ಉದ್ದನೆ ಕುಲಾವಿ. ಆ ಚಿತ್ರಗಾರ ತನ್ನ ಸುತ್ತ ಕಂಡ ಜನರನ್ನೇ ಪುರಾಣಕ್ಕೆ ಎತ್ತಿ ಇಟ್ಟ. ಅವನಿಗೆ ಯಾವ ಕಮಿಟಿಯೂ ಅಡ್ಡ ಬರಲಿಲ್ಲ ಅಂತ ಕಾಣುತ್ತೆ.

ನಮ್ಮ ಜಿಲ್ಲೆಯ ಹೆಮ್ಮೆಯ ಮಾತು ಒಂದು ಹೇಳಬೇಕು. "ಮಾಯಾಬಜಾರ್" ಸಿನಿಮಾ ತೆಗೆದ ಕೆ.ವಿ. ರೆಡ್ಡಿ ತಾಡಪತ್ರಿಯೋರು. 1957ರಲ್ಲಿ ಅದು ತೆರೆಗೆ ಬಂತು. ಇವತ್ತು ಗಡಿಯ ಈ ಕಡೆ ಯಾರನ್ನ ಕೇಳಿದರೂ ಕೃಷ್ಣ ಅಂದ್ರೆ ಎನ್.ಟಿ. ರಾಮರಾವ್ ಅಂತಾರೆ. ತೆಲುಗಿನೋರೂ ಅಂತಾರೆ, ಕನ್ನಡದ ನಾವೂ ಅಂತೀವಿ. ಆದರೆ ಅದಕ್ಕೆ ಮುಂಚೆ ಒಂದು ಚಿತ್ರದಲ್ಲಿ ಆತ ಸ್ವಲ್ಪ ಹೊತ್ತು ಕೃಷ್ಣನಾಗಿ ಬಂದಾಗ ಜನ ಒಪ್ಪಿರಲಿಲ್ಲ. ಗೇಲಿ ಮಾಡಿದ್ದರು. ಅದರಿಂದ ರಾಮರಾವ್ ಮತ್ತೆ ಆ ವೇಷ ಹಾಕೋಕೆ ಹಿಂಜರಿದರು. ಕೆ.ವಿ. ರೆಡ್ಡಿ ಪಟ್ಟು ಬಿಡಲಿಲ್ಲ. ಕಿರೀಟ, ಬಣ್ಣ, ನಿಲ್ಲೋ ಭಂಗಿ, ನಗೋ ರೀತಿ ಎಲ್ಲವನ್ನೂ ಹೊಸದಾಗಿ ಕೂಡಿಸಿದರು. ಆಮೇಲೆ ಏನಾಯಿತು? ರಾಮರಾವ್ ಮುಖದ ಕೃಷ್ಣನ ಪಟವೇ ಅಚ್ಚಾಗಿ ಜನರ ಮನೆ ಗೋಡೆಗೆ ಬಂತು. ಮೊದಲು ಪಟಕ್ಕೆ ಹೊಂದಲ್ಲ ಅಂದ ಮುಖವೇ ಪಟ ಆಯಿತು. ಕಮಿಟಿಯ ಹಿರಿಯರು ಹುಡುಗನಿಗೆ ತೋರಿಸಿದ್ದು ಆ ಪಟವನ್ನೇ ಇರಬಹುದು!

ಆ ಸಿನಿಮಾ ಮಾಡಿದ ವಿಜಯಾ ಸಂಸ್ಥೆಯ ನಾಗಿರೆಡ್ಡಿ, ಚಕ್ರಪಾಣಿಯವರೇ "ಚಂದಮಾಮ" ತಂದೋರು ಕೂಡ. ನಮ್ಮ ವಾಚನಾಲಯದ ಕಪಾಟಿನಲ್ಲಿ ಅದರ ಹಳೇ ಕಟ್ಟು ಇದೆ, ಇಲಿ ತಿಂದು ಉಳಿದದ್ದು. ಮಕ್ಕಳಿಗೆ ಪುರಾಣದ ಮುಖ ಬರೆದು ಕೊಟ್ಟ ಮನೆ, ದೊಡ್ಡೋರಿಗೆ ತೆರೆ ಮೇಲೆ ತೋರಿಸಿದ ಮನೆ, ಎರಡೂ ಒಂದೇ.

ಇನ್ನೊಂದು. 1958ರಲ್ಲಿ "ಭೂಕೈಲಾಸ" ಎರಡು ಭಾಷೆಯಲ್ಲಿ ಬಂತು. ತೆಲುಗಿನಲ್ಲಿ ರಾವಣ ರಾಮರಾವ್, ಕನ್ನಡದಲ್ಲಿ ರಾವಣ ರಾಜಕುಮಾರ್. ಒಂದೇ ಕಥೆ, ಒಬ್ಬನೇ ನಿರ್ದೇಶಕ, ಮಂಡೋದರಿ ಎರಡರಲ್ಲೂ ಜಮುನಾ. ಇಬ್ಬರು ರಾವಣರಿಗೂ ಮುಖದಲ್ಲಿ ಹೋಲಿಕೆ ಇಲ್ಲ, ಮೈಕಟ್ಟಿನಲ್ಲಿ ಹೋಲಿಕೆ ಇಲ್ಲ. ಎರಡು ಭಾಷೆ ಬಲ್ಲ ನಮ್ಮ ಸೀಮೆಯೋರು ಎರಡನ್ನೂ ನೋಡಿದರು. ಯಾವನು ಅಸಲಿ, ಯಾವನು ನಕಲಿ? ಆತ್ಮಲಿಂಗ ಕೈಜಾರಿದಾಗ ಇಬ್ಬರಿಗಾಗಿಯೂ ಅತ್ತ ಹೆಂಗಸರು ನಮ್ಮೂರಲ್ಲಿದ್ದರು.

ಅಮೆರಿಕದಲ್ಲೂ ಇದೇ ಕಥೆ ಅಂತ ಜಗುಲಿ ಮೇಲಿನ ಹುಡುಗರೇ ಹೇಳಿಕೊಟ್ಟರು. 1989ರ "ಬ್ಯಾಟ್‌ಮನ್" ಚಿತ್ರಕ್ಕೆ ಮೈಕೇಲ್ ಕೀಟನ್ ಅನ್ನೋ ನಟ ಬೇಡ ಅಂತ ಅಭಿಮಾನಿಗಳು ಸಾವಿರಾರು ಕಾಗದ ಬರೆದರಂತೆ, ಚಿತ್ರ ಬಂದ ಮೇಲೆ ಅವನನ್ನೇ ಮೆಚ್ಚಿದರಂತೆ. ನಿಕ್ ಫ್ಯೂರಿ ಅನ್ನೋ ಪಾತ್ರದ್ದು ಇನ್ನೂ ಸ್ವಾರಸ್ಯ. 1963ರಿಂದ ಪುಸ್ತಕದಲ್ಲಿ ಅವನು ಬಿಳೀ ಮನುಷ್ಯ. 2002ರಲ್ಲಿ ಬಂದ ಒಂದು ಹೊಸ ಪುಸ್ತಕದಲ್ಲಿ ಚಿತ್ರಗಾರ ಅವನಿಗೆ ಸ್ಯಾಮುಯೆಲ್ ಜಾಕ್ಸನ್ ಅನ್ನೋ ಕಪ್ಪು ನಟನ ಮುಖವನ್ನೇ ಬರೆದ. 2008ರಲ್ಲಿ ಸಿನಿಮಾಕ್ಕೆ ಆ ಜಾಕ್ಸನ್ನೇ ಬಂದ. ಈಗ ಹೇಳಿ, ನಟ ಚಿತ್ರಕ್ಕೆ ಹೊಂದಬೇಕೋ, ಚಿತ್ರ ನಟನಿಗೆ ಹೊಂದಬೇಕೋ?

ಇಷ್ಟು ಹೇಳಿದೆ ಅಂತ, ಏನು ಬೇಕಾದರೂ ಮಾಡಬಹುದು ಅಂತೀಯಾ ಅಂತ ಕೇಳೋರು ಇದ್ದಾರೆ. ಕೇಳಲಿ. 2023ರಲ್ಲಿ "ಆದಿಪುರುಷ್" ಬಂತು. ರಾವಣನಿಗೆ ಕತ್ತರಿಸಿದ ಕೂದಲು, ಗಡ್ಡ. ನನಗೂ ಹಿಡಿಸಲಿಲ್ಲ. ಆದರೆ ಜನಕ್ಕೆ ನಿಜವಾಗಿ ನೋವಾಗಿದ್ದು ಎಲ್ಲಿ? ಹನುಮಂತನ ಬಾಯಲ್ಲಿ ಬೀದಿ ಮಾತು ಹಾಕಿದಾಗ. ಕೊನೆಗೆ ಸಿನಿಮಾದೋರು ಬದಲಾಯಿಸಿದ್ದೂ ಆ ಮಾತನ್ನೇ. ವೇಷಕ್ಕೆ ಗುರುತು ಬೇಕು, ಅದನ್ನ ನಾನು ಬಿಟ್ಟುಕೊಡಲ್ಲ. ಕೃಷ್ಣನಿಗೆ ನವಿಲುಗರಿ ಬೇಕು, ಭೀಮನಿಗೆ ಗದೆ ಬೇಕು, ಶಕುನಿಯ ಕೈಯಲ್ಲಿ ಪಗಡೆ ಬೇಕು. ಧರ್ಮಾವರಂ ಮಗ್ಗುಲ ನಿಮ್ಮಲಕುಂಟದ ತೊಗಲುಬೊಂಬೆ ನೋಡಿದೋರಿಗೆ ಇದು ಗೊತ್ತು. ಆಡಿನ ಚರ್ಮಕ್ಕೆ ಯಾವ ಮೂಗು, ಯಾವ ಮೈಬಣ್ಣ? ಹತ್ತು ತಲೆ ಕಂಡರೆ ರಾವಣ, ಬಾಲ ಕಂಡರೆ ಹನುಮಂತ. ಪರದೆ ಹಿಂದಿನ ದೀಪ, ಆಡಿಸೋನ ದನಿ, ಅಷ್ಟಕ್ಕೆ ಹಳ್ಳಿಯೋರು ಬೆಳಗಿನ ಜಾವದ ತನಕ ಕೂರುತ್ತಿದ್ದರು. ಗರಿ, ಗದೆ, ದನಿ, ನಡಿಗೆ ಇವು ಪಾತ್ರದ್ದು. ಚರ್ಮ ಹಾಕಿಕೊಂಡೋನದ್ದು. ಮೊದಲನೇದನ್ನ ಎಷ್ಟು ಕಟ್ಟುನಿಟ್ಟಾಗಿ ಬೇಕಾದರೂ ಕೇಳಿ, ಎರಡನೇದನ್ನ ಕೇಳೋಕೆ ಯಾರಿಗೂ ಹಕ್ಕಿಲ್ಲ.

(ನಮ್ಮ ಅಜ್ಜನ ಕಾಲಕ್ಕೆ ಮೀಸೆ ಬೋಳಿಸಿಕೊಂಡ ಗಂಡಸೇ ದ್ರೌಪದಿ. ಸೀರೆ ಸೆಳೆಯೋ ಸೀನಿಗೆ ಊರೆಲ್ಲ ಕಣ್ಣೀರು. ಹೋಲಿಕೆ ಕೇಳೋರು ಆಗ ಎಲ್ಲಿದ್ದರೋ!)

ಮೇಷ್ಟ್ರುಗಳಿಗೆ, ಟೀಚರಮ್ಮಗಳಿಗೆ ಒಂದು ಮಾತು. ನಾಟಕದ ಕಮಿಟಿಯೋರು ಓದದೋರು ಅಂತ ಬಿಟ್ಟುಬಿಡಬಹುದು. ನೀವು ಓದಿದೋರು. ಶಾಲೆಯ ಛದ್ಮವೇಷದ ದಿನ ಭಾರತಮಾತೆ ಯಾರಾಗ್ತಾಳೆ, ರಾಧೆ ಯಾರಾಗ್ತಾಳೆ, ಶೂರ್ಪನಖಿ ಯಾರಾಗ್ತಾಳೆ ಅಂತ ಐದು ವರ್ಷದ ಫೋಟೋ ತೆಗೆದು ನೋಡಿ. ಬಿಳೀ ಮಗು ಬಾಲಕೃಷ್ಣ, ಅವನಿಗೆ ನೀಲಿ ಪೌಡರು ನೀವೇ ಬಳಿಯುತ್ತೀರಿ. ಕಪ್ಪು ಮಗುವಿಗೆ ಬಳಿಯೋದೇನೂ ಬೇಕಿರಲಿಲ್ಲ, ಅವನ ಕೈಗೆ ರಾಕ್ಷಸನ ಕೋರೆಹಲ್ಲು ಕೊಡುತ್ತೀರಿ. ಬೇಕು ಅಂತ ಮಾಡಲ್ಲ, ನನಗೆ ಗೊತ್ತು. ನಾನೂ ಬೇಕು ಅಂತ ಸುಮ್ಮನೆ ಕೂರಲಿಲ್ಲ. ಆದರೆ ಏಳು ವರ್ಷದ ಮಗುವಿಗೆ ಅದು ಅರ್ಥ ಆಗುತ್ತೆ, ನಮಗಿಂತ ಬೇಗ ಅರ್ಥ ಆಗುತ್ತೆ. ಹೋದ ವರ್ಷ ನಮ್ಮ ಕಡೆ ಒಂದು ಶಾಲೆಯಲ್ಲಿ ಒಂದು ಮಗು ಸ್ಪೈಡರ್‌ಮನ್ ಆಗಿ ಬಂದಿತ್ತು, ಮುಖ ಪೂರ್ತಿ ಮುಚ್ಚುವ ಕೆಂಪು ಮುಸುಕು. ಆ ವೇಷವೇ ಯಾಕೆ ಅಂತ ಕೇಳಿದ್ದಕ್ಕೆ, "ಇದರಾಗೆ ಯಾರಂತ ಗೊತ್ತಾಗಲ್ಲ ಸಾರ್" ಅಂದಿತು.

ಆ ಕಾಲೋನಿ ಹುಡುಗ ಈಗ ಬೆಂಗಳೂರಲ್ಲಿ ಗಾರೆ ಕೆಲಸ ಮಾಡುತ್ತಾನೆ. ಹಬ್ಬಕ್ಕೆ ಬಂದಾಗ ಒಂದು ಸಲ ಬಸ್‌ಸ್ಟ್ಯಾಂಡಲ್ಲಿ ಸಿಕ್ಕಿದ್ದ. ಹಾಡ್ತೀಯೇನಪ್ಪ ಇನ್ನೂ ಅಂದೆ. "ಅದೆಲ್ಲ ಬಿಟ್ಟುಬಿಟ್ಟೆ ಸಾರ್" ಅಂದು ನನ್ನ ಬ್ಯಾಗು ಎತ್ತಿ ಬಸ್ಸಿಗೆ ಹಾಕಿಕೊಟ್ಟ.

ಈ ವರ್ಷ ಮತ್ತೆ ಕುರುಕ್ಷೇತ್ರ ಆಡಬೇಕು ಅಂತ ಮಾತು ನಡೆದಿದೆ. ಲೆಕ್ಕದ ಪುಸ್ತಕ ನನ್ನ ಹತ್ತಿರವೇ ಇದೆ. ಕಮಿಟಿಗೆ ನನ್ನ ಕೇಳಿಕೆ ಇಷ್ಟೇ. ಪಾತ್ರ ಹಂಚುವ ದಿನ ಗುಡಿ ಮುಂದೆ ಒಂದು ಜಮಖಾನ ಅಡ್ಡ ಕಟ್ಟಿ. ಹಾಡೋರು ಅದರ ಹಿಂದೆ ನಿಂತು ಹಾಡಲಿ, ಮಾತು ಹೇಳಲಿ. ಈ ಕಡೆ ಕೂತು ನಾವು ಕೇಳೋಣ. ಯಾರಿಗೆ ಕೃಷ್ಣ ಅಂತ ಮೇಷ್ಟ್ರು ಹೇಳಿದ ಮೇಲೆ ಜಮಖಾನ ಬಿಚ್ಚೋಣ, ದುಡ್ಡಿನ ಮಾತು ಅದಾದ ಮೇಲೆ. ಒಪ್ಪಿದರೆ ಲೆಕ್ಕ ನಾನೇ ಬರೆಯುತ್ತೇನೆ. ಒಪ್ಪದಿದ್ದರೆ ಪುಸ್ತಕ ವಾಚನಾಲಯದ ಕಪಾಟಿನಲ್ಲಿ ಇಟ್ಟಿರುತ್ತೇನೆ, ಬೇಕಾದೋರು ಬಂದು ತಗೊಂಡು ಹೋಗಲಿ.